ಮಾಂಗಾ, ಅನಿಮೆಯ ಹೆಸರುಗಳ ಹಿಂದಿರುವ ಪಾಶ್ಚಾತ್ಯ ಹಾಡು, ಬ್ಯಾಂಡ್‌ಗಳನ್ನು ಪತ್ತೆ ಹಚ್ಚುವುದು ಹೇಗೆ

ಹಿರೋಹಿಕೊ ಅರಾಕಿ ಅವರ 'ಜೋಜೋಸ್ ಬಿಜಾರ್ ಅಡ್ವೆಂಚರ್' ಅನಿಮೆಯ (ಜಪಾನಿ ಕಾಮಿಕ್ಸ್ ಆದ ಮಾಂಗಾದಿಂದ ಮಾಡಿದ ಆ್ಯನಿಮೇಷನ್ ಸರಣಿ) ಐದನೇ ಭಾಗ ನೋಡುವಾಗ ಒಂದು ಪಾತ್ರದ ವಿಶೇಷ ಶಕ್ತಿಯ ಹೆಸರನ್ನು ಇಂಗ್ಲಿಷ್ ಸಬ್‌ಟೈಟಲ್ 'ಜಿಪ್ಪರ್ ಮ್ಯಾನ್' ಎನ್ನುತ್ತದೆ, ಕಿವಿಗೆ ಬೀಳುವುದು 'ಸುತಿಕ್ಕೀ ಫಿಂಗಾಜು'. ನಂಬಬೇಕಾದ್ದು ಕಿವಿಯನ್ನು. ಅದು ಸ್ಟಿಕಿ ಫಿಂಗರ್ಸ್, ರೋಲಿಂಗ್ ಸ್ಟೋನ್ಸ್ 1971ರಲ್ಲಿ ಹೊರತಂದ ಆಲ್ಬಂ. ಹಕ್ಕಿನ ತಕರಾರು ಬರಬಾರದೆಂದು ಇಂಗ್ಲಿಷ್ ಆವೃತ್ತಿಗಳಲ್ಲಿ ಇಂಥ ಹೆಸರುಗಳನ್ನು ತಿದ್ದುತ್ತಾರೆ. ಕಿಲ್ಲರ್ ಕ್ವೀನ್ 'ಡೆಡ್ಲಿ ಕ್ವೀನ್' ಆಗುತ್ತದೆ, ಕಿಂಗ್ ಕ್ರಿಮ್ಸನ್ 'ಎಂಪರರ್ ಕ್ರಿಮ್ಸನ್' ಆಗುತ್ತದೆ. ಆದ್ದರಿಂದ ಡಬ್ಬಿಂಗ್ ಬೇಡ. ಜಪಾನಿ ಧ್ವನಿಯಲ್ಲೇ ನೋಡಿ, ಹೆಸರು ಬಂದ ಕಡೆ ನಿಲ್ಲಿಸಿ, ಎರಡು ಮೂರು ಸಲ ಕೇಳಿ.

ಕೇಳಿದ್ದನ್ನು ಕನ್ನಡ ಅಕ್ಷರದಲ್ಲೇ ಬರೆದುಕೊಳ್ಳಿ. ಇಂಗ್ಲಿಷ್ ಅಕ್ಷರಕ್ಕಿಂತ ಇದು ಮೇಲು, ಏಕೆಂದರೆ ಜಪಾನಿಯಲ್ಲಿ ಎ–ಏ, ಒ–ಓ ಬೇರೆ ಬೇರೆ, ನಮ್ಮಲ್ಲೂ ಹಾಗೆಯೇ. ಆಮೇಲೆ ಜಪಾನಿ ಉಚ್ಚಾರಣೆ ಮಾಡಿದ ಬದಲಾವಣೆಗಳನ್ನು ಒಂದೊಂದಾಗಿ ಹಿಂದಕ್ಕೆ ತಿರುಗಿಸಬೇಕು. ಪದದ ಕೊನೆಯಲ್ಲೋ ಒತ್ತಕ್ಷರದ ನಡುವೆಯೋ ಸೇರಿಕೊಂಡ ಉ, ಒ ಸ್ವರಗಳನ್ನು ಕಿತ್ತುಹಾಕಿ. ರ ಇದ್ದಲ್ಲಿ ಲ ಇಟ್ಟು ನೋಡಿ. ಬ ಕಂಡರೆ ವ ಇರಬಹುದು. ಕೊನೆಯ 'ಜು' ಹೆಚ್ಚಾಗಿ ಇಂಗ್ಲಿಷ್ ಬಹುವಚನದ ಗುರುತು. ಶಿ ಎಂಬುದು ಸಿ ಆಗಿರಬಹುದು. ಎಲ್ಲಕ್ಕಿಂತ ಹೆಚ್ಚು ಮೋಸ ಮಾಡುವುದು ದೀರ್ಘ ಆ. ಅರ್, ಇರ್, ಎರ್ ಮೂರೂ ಅದರಲ್ಲೇ ಕರಗಿರುತ್ತವೆ.

ಜೋಜೋ ಎರಡನೇ ಭಾಗದ ಖಳರ ಮೇಲೆ ಇದನ್ನು ಪ್ರಯೋಗಿಸಿ. 'ಕಾಜು' ಎಂಬುದರಿಂದ ಕಾರ್ಸ್ ಹೊರಬರುತ್ತದೆ, ಅಂದರೆ ದ ಕಾರ್ಸ್ ಬ್ಯಾಂಡ್. 'ಎಶಿದಿಶಿ'ಯಲ್ಲಿ ಶಿ ಇದ್ದಲ್ಲಿ ಸಿ ಇಟ್ಟರೆ ಎಸಿ/ಡಿಸಿ. 'ವಾಮೂ' ಎಂದರೆ ವ್ಯಾಮ್. ಸಾಂತಾನಾಗೆ ಯಾವ ತಿರುಗಣೆಯೂ ಬೇಡ. ಈ ಮೂರೂ ಬ್ಯಾಂಡ್‌ಗಳೇ. ಮೊದಲ ಭಾಗದ ಗುರು 'ತೊಂಪೆತಿ' ಇನ್ನೂ ಸೊಗಸು. ಇಂಗ್ಲಿಷ್‌ನಲ್ಲಿ ಟಾನ್‌ಪೆಟ್ಟಿ ಎಂದು ಬರೆದಾಗ ಏನೂ ಹೊಳೆಯುವುದಿಲ್ಲ. ಆದರೆ ಪ ಮುಂದೆ ಬಂದರೆ ಜಪಾನಿ ನ್ ನಮ್ಮ ಸೊನ್ನೆಯ ಹಾಗೇ ಮ್ ಆಗುತ್ತದೆ, ಅಮೆರಿಕದ ರಾಕ್ ಗಾಯಕ ಟಾಮ್ ಪೆಟ್ಟಿಯ ಹೆಸರು ಕೇಳಿಸುತ್ತದೆ.

ದೀರ್ಘ ಆ ಎಷ್ಟು ಮುಚ್ಚಿಡಬಲ್ಲದು ಎನ್ನುವುದಕ್ಕೆ ಕಜುಶಿ ಹಗಿವಾರಾ 1988ರಲ್ಲಿ ಶುರುಮಾಡಿದ 'ಬಾಸ್ಟರ್ಡ್' ಮಾಂಗಾ ನೋಡಿ. ನಾಯಕ ಡಾರ್ಕ್ ಶ್ನೈಡರ್. ಇಂಗ್ಲಿಷ್‌ನಲ್ಲಿ ಓದಿದವರು ಡಾರ್ಕ್ ಎಂದರೆ ಕತ್ತಲು ಎಂದುಕೊಂಡು ಮುಂದೆ ಹೋಗುತ್ತಾರೆ. ಜಪಾನಿಯಲ್ಲಿ ಅದು 'ದಾಕು ಶುನೈದಾ'. ಜರ್ಮನಿಯ ಆಕ್ಸೆಪ್ಟ್ ಬ್ಯಾಂಡ್‌ನ ಮಾಜಿ ಗಾಯಕ ಊಡೊ ಡಿರ್ಕ್‌ಶ್ನೈಡರ್ ಅವರ ಉಪನಾಮವನ್ನೂ ಅಲ್ಲಿ ಹಾಗೆಯೇ ಬರೆಯುತ್ತಾರೆ, ಮಾಂಗಾದ ಹೆಸರಿನಲ್ಲಿ ಎರಡು ಪದಗಳ ನಡುವೆ ಒಂದು ಚುಕ್ಕೆ ಮಾತ್ರ ಹೆಚ್ಚು. ಅದೇ ಕಥೆಯ ಒಂದು ರಾಜ್ಯದ ಹೆಸರು ಮೆಟಾಲಿಕಾನಾ, ಅದರಲ್ಲಿ ಮೆಟಾಲಿಕಾ ಬ್ಯಾಂಡ್‌ನ ಹೆಸರೇ ಇದೆ, ಹಾಗಾಗಿ ಅನುಮಾನಕ್ಕೆ ಜಾಗವಿಲ್ಲ.

ಮುದ್ರಿತ ಪುಟದಿಂದ ಹುಡುಕುವುದಾದರೆ ಫೋನ್ ಕ್ಯಾಮೆರಾದಲ್ಲಿ ಅಕ್ಷರ ಗುರುತಿಸುವ ಆ್ಯಪ್ ಸಾಕು. ಅನುವಾದದ ಗುಂಡಿ ಒತ್ತಬೇಡಿ, ಜಪಾನಿ ಪಠ್ಯವನ್ನಷ್ಟೇ ನಕಲು ಮಾಡಿ ಓದಿಸಿ ಕೇಳಿ. ಹಲವು ಕಡೆ ಹೆಸರನ್ನು ಚೀನೀ ಮೂಲದ ಕಾಂಜಿ ಲಿಪಿಯಲ್ಲಿ ಬರೆದು, ಪಕ್ಕದಲ್ಲಿ ಸಣ್ಣ ಕತಾಕನಾ (ಹೊರಭಾಷೆಯ ಪದಗಳನ್ನು ಬರೆಯುವ ಜಪಾನಿ ಲಿಪಿ) ಅಕ್ಷರಗಳಲ್ಲಿ ಉಚ್ಚಾರಣೆ ಕೊಟ್ಟಿರುತ್ತಾರೆ. ನಿಮಗೆ ಬೇಕಾದ್ದು ಆ ಸಣ್ಣ ಸಾಲು. ಎರಡನ್ನೂ ಒಟ್ಟಿಗೆ ಹಿಡಿದರೆ ಆ್ಯಪ್ ಕಲಸಿಹಾಕುತ್ತದೆ, ಆದ್ದರಿಂದ ಸಣ್ಣ ಸಾಲಷ್ಟನ್ನೇ ಕತ್ತರಿಸಿ ಕೊಡಿ. ಕತಾಕನಾ ಪದಗಳ ನಡುವಿನ ದಪ್ಪ ಚುಕ್ಕೆ ಪದ ಎಲ್ಲಿ ಒಡೆಯುತ್ತದೆಂದು ತೋರಿಸುತ್ತದೆ.

ಹೆಸರು ಸಿಕ್ಕಿದ ಮೇಲೆ ನಿಜವಾದ ಕೆಲಸ ಶುರು. ಒಂದು ಹೆಸರು ಹೊಂದಿದ ಮಾತ್ರಕ್ಕೆ ಅದು ಪುರಾವೆಯಲ್ಲ. ಅದೇ ಮೂಲಕ್ಕೆ ಕೈ ತೋರುವ ಎರಡನೆಯ ಗುರುತು ಬೇಕು. ಜೋಜೋ ನಾಲ್ಕನೇ ಭಾಗದ ಕಿಲ್ಲರ್ ಕ್ವೀನ್ ಮುಟ್ಟಿದ್ದನ್ನೆಲ್ಲ ಬಾಂಬ್ ಮಾಡುತ್ತದೆ. ಕ್ವೀನ್ ಬ್ಯಾಂಡ್‌ನ 1974ರ ಆ ಹಾಡಿನಲ್ಲಿ ಸಿಡಿಮದ್ದು, ಡೈನಮೈಟ್‌ಗಳ ಮಾತು ಬರುತ್ತದೆ. ಪಾತ್ರದ ಕಿಲ್ಲರ್ ಕ್ವೀನ್‌ಗೆ ಇರುವ ಇನ್ನೊಂದು ಶಕ್ತಿ ಶೀರ್ ಹಾರ್ಟ್ ಅಟ್ಯಾಕ್, ಆ ಹಾಡಿರುವ ಆಲ್ಬಂನದೇ ಹೆಸರು. ಮೂರನೆಯ ಶಕ್ತಿಯ ಹೆಸರು ಕ್ವೀನ್‌ನ 1980ರ ಹಾಡಿನದು. ಇಷ್ಟಿದ್ದರೆ ಗಟ್ಟಿ. ಕಿಂಗ್ ಕ್ರಿಮ್ಸನ್‌ಗೂ ಹೀಗೇ: ಅದರ ಉಪಶಕ್ತಿ 'ಎಪಿಟಾಫ್', ಆ ಬ್ಯಾಂಡ್‌ನ 1969ರ ಮೊದಲ ಆಲ್ಬಂನ ಹಾಡು. ಡೈಯರ್ ಮತ್ತು ಸ್ಟ್ರೈಟ್ಸೊ ಎಂಬ ಇಬ್ಬರು ಮೊದಲ ಭಾಗದಲ್ಲಿ ಜೊತೆಯಾಗಿ ಬರುವುದೇ ಡೈರ್ ಸ್ಟ್ರೇಟ್ಸ್ ಬ್ಯಾಂಡ್‌ಗೆ ಸಾಕ್ಷಿ. ಸ್ಪೀಡ್‌ವ್ಯಾಗನ್‌ನ ಪೂರ್ತಿ ಹೆಸರು ರಾಬರ್ಟ್ ಇ. ಒ. ಸ್ಪೀಡ್‌ವ್ಯಾಗನ್. ಮೊದಲಕ್ಷರ ಕೂಡಿಸಿದರೆ ಆರ್‌ಇಒ ಸ್ಪೀಡ್‌ವ್ಯಾಗನ್ ಬ್ಯಾಂಡ್ ಎದುರಿಗೆ ನಿಲ್ಲುತ್ತದೆ. ಎಲ್ಲ ಶಕ್ತಿಯೂ ಹಾಡಿನ ಸಾಹಿತ್ಯಕ್ಕೆ ಹೊಂದಬೇಕೆಂದು ಮಾತ್ರ ಹಟ ಹಿಡಿಯಬೇಡಿ. ಮನುಷ್ಯರನ್ನು ಪುಸ್ತಕದಂತೆ ಬಿಡಿಸಿ ಓದುವ ಹೆವೆನ್ಸ್ ಡೋರ್‌ಗೆ ಬಾಬ್ ಡಿಲನ್ ಹಾಡಿನಿಂದ ಬಂದದ್ದು ಹೆಸರಷ್ಟೇ.

ಇಸವಿಯನ್ನು ತಪ್ಪದೆ ತಾಳೆ ನೋಡಿ, ಅದೂ ಅನಿಮೆಯದಲ್ಲ, ಮಾಂಗಾದ್ದು. ಇಲ್ಲಿ ಎಡವುವವರೇ ಹೆಚ್ಚು. ನಾಲ್ಕನೇ ಭಾಗದ ಮಾಂಗಾ 1992ರಿಂದ 1995ರವರೆಗೆ ಬಂತು, ಅನಿಮೆ ಬಂದದ್ದು 2016ರಲ್ಲಿ. ಅದರ ಎಂಡಿಂಗ್ ಹಾಡು ಸ್ಯಾವೇಜ್ ಗಾರ್ಡನ್‌ನ 'ಐ ವಾಂಟ್ ಯು' 1996ರದ್ದು, ಮಾಂಗಾ ಮುಗಿದ ಮೇಲಿನದು. ಕಥೆಯೊಳಗಿನ ಯಾವ ಹೆಸರಿಗೂ ಅದನ್ನು ಮೂಲವೆಂದು ಹೇಳಲಾಗದು.

ನೇರವಾಗಿ ಬಳಸಿದ ಹಾಡುಗಳಿಗೆ ಇಷ್ಟು ಕಷ್ಟವಿಲ್ಲ, ಜಪಾನಿ ಪ್ರಸಾರದ ಕ್ರೆಡಿಟ್ ಓದಿದರೆ ಸಾಕು. ಆದರೆ ಹೊರದೇಶದ ಡಿವಿಡಿಗಳಲ್ಲಿ ಹಾಡೇ ಬದಲಾಗಿರಬಹುದು: 2005ರ 'ಸ್ಪೀಡ್ ಗ್ರಾಫರ್' ಅನಿಮೆಗೆ ಡುರಾನ್ ಡುರಾನ್‌ನ 'ಗರ್ಲ್ಸ್ ಆನ್ ಫಿಲ್ಮ್' ಓಪನಿಂಗ್ ಆಗಿತ್ತು, ಅಮೆರಿಕದ ಆವೃತ್ತಿಯಲ್ಲಿ ಬೇರೆ ಹಾಡಿದೆ. 'ಕೌಬಾಯ್ ಬೀಬಾಪ್' ಅನಿಮೆಯಲ್ಲಿ ಕಂತಿಗೆ 'ಸೆಷನ್' ಎಂದೇ ಹೆಸರು. 6ನೆಯದು ಸಿಂಪತಿ ಫಾರ್ ದ ಡೆವಿಲ್, 11ನೆಯದು ಟಾಯ್ಸ್ ಇನ್ ದ ಆಟಿಕ್, 14ನೆಯದು ಬೊಹೀಮಿಯನ್ ರಾಪ್ಸಡಿ. ಮೂರೂ ಪಾಶ್ಚಾತ್ಯ ರಾಕ್ ಹಾಡುಗಳ ಹೆಸರುಗಳೇ, ಆದರೆ ಆ ಹಾಡುಗಳು ಅಲ್ಲಿ ಕೇಳಿಬರುವುದಿಲ್ಲ. ಸಂಗೀತ ಯೋಕೊ ಕನ್ನೊ ಅವರದು, ಎರವಲು ಶೀರ್ಷಿಕೆಯಷ್ಟೇ.

ಹುಡುಕಾಟದ ಹುರುಪಿನಲ್ಲಿ ಜಪಾನಿನ ಸ್ವಂತ ಸಂಗೀತವನ್ನು ಮರೆಯಬಾರದು. 'ಕೆ-ಆನ್' ಎಂಬ ಅನಿಮೆಯ ಹುಡುಗಿಯರ ಉಪನಾಮಗಳಾದ ಹಿರಾಸಾವಾ, ಅಕಿಯಾಮಾ, ತಾಯಿನಾಕಾ, ಕೊತೊಬುಕಿ, ನಕಾನೊ ಬಂದಿರುವುದು ಪಿ-ಮಾಡೆಲ್ ಎಂಬ ಜಪಾನಿ ಬ್ಯಾಂಡ್‌ನ ಸದಸ್ಯರಿಂದ. ರಾಕ್ ಕಥೆಯೆಂದ ಮಾತ್ರಕ್ಕೆ ಇವನ್ನು ಲಂಡನ್, ನ್ಯೂಯಾರ್ಕ್ ಬ್ಯಾಂಡ್‌ಗಳಲ್ಲಿ ಹುಡುಕುತ್ತ ಕೂತರೆ ಏನೂ ಸಿಗದು.