ವಿಮೆಯ ಕಂತು, ಮಾತ್ರೆಯ ಖರ್ಚು: ಎರಡನ್ನೂ ಒಂದೇ ಪುಸ್ತಕದಲ್ಲಿ ಬರೆದ ಅನುಭವ

ಅಪ್ಪನ ರಕ್ತದೊತ್ತಡದ ಮಾತ್ರೆಗಳು ಇರಬೇಕಾದದ್ದಕ್ಕಿಂತ ಹೆಚ್ಚು ಉಳಿದಿರುವುದು ನನ್ನ ಕಣ್ಣಿಗೆ ಬಿದ್ದದ್ದು ಆಕಸ್ಮಿಕವಾಗಿ. ತಿಂಗಳ ಮೊದಲಲ್ಲಿ 30 ಮಾತ್ರೆ ತಂದಿಟ್ಟಿದ್ದೆ. 22ನೆಯ ದಿನ ಡಬ್ಬಿ ಒರೆಸಲೆಂದು ಸ್ಟ್ರಿಪ್ಪುಗಳನ್ನು ಹೊರತೆಗೆದು ಎಣಿಸಿದರೆ, 8 ಇರಬೇಕಾದಲ್ಲಿ 19 ಇದ್ದವು. ಒಂದು ದಿನ ಬಿಟ್ಟು ಒಂದು ದಿನ ನುಂಗುತ್ತಿದ್ದರು. ಕೇಳಿದ್ದಕ್ಕೆ, "ವಿಮೆಯ ಕಂತು ಕಟ್ಟೋ ತಿಂಗಳು ಬಂತಲ್ಲಮ್ಮ, ಒಂದೊಂದು ದಿನ ಬಿಟ್ಟರೆ ಏನೂ ಆಗಲ್ಲ" ಎಂದರು. ಹಿಂದಿನ ವರ್ಷವೂ ಕಂತಿನ ತಿಂಗಳಲ್ಲಿ ಹೀಗೆಯೇ ಮಾಡಿದ್ದರಂತೆ. ಆಸ್ಪತ್ರೆ ಸೇರದಂತೆ ಕಾಯುವ ಮಾತ್ರೆಯನ್ನು ಬಿಟ್ಟು, ಆಸ್ಪತ್ರೆ ಸೇರಿದರೆ ಬರುವ ಹಣಕ್ಕಾಗಿ ನಾವು ಕಂತು ಕಟ್ಟುತ್ತಿದ್ದೆವು.

ಅಂದು ರಾತ್ರಿ ನೋಟ್‌ಬುಕ್ಕಿನ ಎದುರುಬದುರು ಪುಟಗಳಲ್ಲಿ ಎರಡು ಲೆಕ್ಕ ಬರೆದೆ. ಎಡಗಡೆ, ಪ್ರತಿ ತಿಂಗಳೂ ತಪ್ಪದೆ ಬರುವ ಖರ್ಚು: ಮಾತ್ರೆ, ಇನ್ಸುಲಿನ್, ಸೂಜಿ, ರಕ್ತಪರೀಕ್ಷೆ, ವೈದ್ಯರ ಶುಲ್ಕ. ಬಲಗಡೆ, ಬಂದರೆ ಮನೆಯನ್ನೇ ಅಲ್ಲಾಡಿಸುವ, ಆದರೆ ಬಾರದೆಯೂ ಇರಬಹುದಾದ ಖರ್ಚು: ಹೃದಯಾಘಾತ, ಪಾರ್ಶ್ವವಾಯು, ಶಸ್ತ್ರಚಿಕಿತ್ಸೆ. ವಿಮೆ ಎನ್ನುವುದು ಇರುವುದೇ ಬಲಗಡೆಯ ಪುಟಕ್ಕಾಗಿ. ಖಚಿತವಾಗಿ ಬರುವ ಖರ್ಚನ್ನು ವಿಮೆಯ ಮೂಲಕ ಹಾಯಿಸಿದರೆ, ಕಂಪನಿಯ ಆಡಳಿತ ವೆಚ್ಚವೂ ಸೇರಿಕೊಂಡು ಅದು ಕಂತಿನ ರೂಪದಲ್ಲಿ ನಮ್ಮ ಬಳಿಗೇ ಮರಳುತ್ತದೆ. ಹೊರರೋಗಿ ಔಷಧಕ್ಕೂ ರಕ್ಷಣೆ ಕೊಡುವ ಹೆಚ್ಚುವರಿ ಸೌಲಭ್ಯ ನಮ್ಮ ಪಾಲಿಸಿಯಲ್ಲಿತ್ತು. ಅದಕ್ಕೆ ತೆರಬೇಕಾದ ಹೆಚ್ಚುವರಿ ಕಂತು, ಅದರಿಂದ ವರ್ಷಕ್ಕೆ ಸಿಗಬಹುದಾದ ಗರಿಷ್ಠ ಮೊತ್ತಕ್ಕೆ ಹೆಚ್ಚುಕಡಿಮೆ ಸಮವಾಗಿದ್ದುದರಿಂದ ನಾನು ಬೇಡವೆಂದೆ. ಔಷಧಗಳನ್ನು ನಿಜವಾಗಿಯೂ ಭರಿಸುವ ಪಾಲಿಸಿ ಇರುವವರು ಮಾತ್ರ ಕಂಪನಿಯ ಔಷಧ ಪಟ್ಟಿಯನ್ನು ಪ್ರತಿ ನವೀಕರಣಕ್ಕೆ ಮುನ್ನ ತರಿಸಿಕೊಂಡು, ತಮ್ಮ ಒಂದೊಂದು ಮಾತ್ರೆಯೂ ಅದರಲ್ಲಿ ಯಾವ ದರ್ಜೆಯಲ್ಲಿದೆ, ಅಂದರೆ ಅದರ ಬೆಲೆಯಲ್ಲಿ ನಮ್ಮ ಪಾಲು ಎಷ್ಟು, ಎಂದು ನೋಡಬೇಕು, ಏಕೆಂದರೆ ಆ ಪಟ್ಟಿ ಬದಲಾಗುತ್ತಿರುತ್ತದೆ.

ಪಾಲಿಸಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿದ್ದು ಅದೇ ಮೊದಲ ಸಲ. ಅದರ ಜೊತೆಗಿದ್ದ ಅರ್ಜಿಯ ಪ್ರತಿಯಲ್ಲಿ, ರಕ್ತದೊತ್ತಡವಿದೆಯೇ ಎಂಬ ಪ್ರಶ್ನೆಯ ಮುಂದೆ "ಇಲ್ಲ" ಎಂದು ಗುರುತು ಹಾಕಲಾಗಿತ್ತು. ಅರ್ಜಿ ತುಂಬಿದ್ದು ಏಜೆಂಟ್. ಅಪ್ಪ ನಂಬಿ ಸಹಿ ಹಾಕಿದ್ದರು. ಸುಮ್ಮನಿದ್ದುಬಿಡೋಣ ಎಂದು ಮನೆಯಲ್ಲಿ ಮಾತು ಬಂತು. ಆದರೆ ನಿಜ ಮುಚ್ಚಿಟ್ಟ ಪಾಲಿಸಿ, ಕ್ಲೇಮು ಬಂದ ದಿನವೇ ಕೈಕೊಡಬಹುದಾದ ಪಾಲಿಸಿ. ವೈದ್ಯರ ಪತ್ರದೊಂದಿಗೆ ಕಂಪನಿಗೆ ಬರೆದು ತಿಳಿಸಿದೆವು. ಕಂತು ಏರಿತು, ಆ ಕಾಯಿಲೆಗೆ ಹೊಸದಾಗಿ ಕಾಯುವ ಅವಧಿಯೂ, ಅಂದರೆ ಅದರ ಕ್ಲೇಮು ಸಿಗದ ಅವಧಿಯೂ, ಶುರುವಾಯಿತು. ಕಷ್ಟವೆನಿಸಿದರೂ ಆ ಪತ್ರ ಬರೆದದ್ದು ಸರಿಯೆಂದೇ ಇವತ್ತಿಗೂ ನನ್ನ ಅಭಿಪ್ರಾಯ.

ಏರಿದ ಕಂತನ್ನು ಇಳಿಸಲು ಒಂದೇ ದಾರಿ ಉಳಿದಿತ್ತು: ಡಿಡಕ್ಟಿಬಲ್, ಅಂದರೆ ಕ್ಲೇಮಿನ ಮೊದಲ ಇಷ್ಟು ಮೊತ್ತವನ್ನು ನಾವೇ ಭರಿಸುತ್ತೇವೆ ಎಂಬ ಒಪ್ಪಂದ. ಮೂರು ಹಂತಗಳಿಗೆ ಕಂತು ಎಷ್ಟೆಂದು ಲಿಖಿತವಾಗಿ ಕೇಳಿ ತರಿಸಿಕೊಂಡೆ. ಮಧ್ಯದ ಹಂತದಲ್ಲಿ, ನಾಲ್ಕು ವರ್ಷಗಳಲ್ಲಿ ಕಂತಿನಿಂದ ಉಳಿಯುವ ಹಣ ಒಂದು ಡಿಡಕ್ಟಿಬಲ್ ಮೊತ್ತಕ್ಕೆ ಸಮನಾಗುತ್ತಿತ್ತು. ಹಿಂದಿನ 12 ವರ್ಷಗಳಲ್ಲಿ ಅಪ್ಪ ಆಸ್ಪತ್ರೆ ಸೇರಿದ್ದು 2 ಸಲ, ಎಂದರೆ ಸರಾಸರಿ ಆರು ವರ್ಷಕ್ಕೊಮ್ಮೆ. ಲೆಕ್ಕ ನಮ್ಮ ಪರವಾಗಿತ್ತು. ಹಾಗೆಂದು ಇದು ಎಲ್ಲರಿಗೂ ಹೊಂದುವ ಲೆಕ್ಕವಲ್ಲ. ವರ್ಷಕ್ಕೊಮ್ಮೆ ಆಸ್ಪತ್ರೆ ಸೇರುವವರಿಗೆ ಇದೇ ದಾರಿ ನಷ್ಟದ್ದು. ಡಿಡಕ್ಟಿಬಲ್ ವರ್ಷಕ್ಕೊಂದೋ ಪ್ರತಿ ಕ್ಲೇಮಿಗೊಂದೋ ಎಂಬುದನ್ನು ಮೊದಲೇ ಕೇಳಿ ತಿಳಿದುಕೊಳ್ಳಬೇಕು, ಮತ್ತು ಉಳಿದ ಹಣವನ್ನು ಬೇರೆ ಖಾತೆಗೆ ಹಾಕಿ ಮುಟ್ಟದೆ ಇಡಬೇಕು. ಆ ಖಾತೆ ತುಂಬುವವರೆಗಿನ ಅಪಾಯ ನಮ್ಮದೇ ಆದುದರಿಂದ, ನಾನು ಮೊದಲ ವರ್ಷವೇ ನನ್ನ ಉಳಿತಾಯದಿಂದ ಅರ್ಧದಷ್ಟು ಅಲ್ಲಿಗೆ ಹಾಕಿದೆ.

ಇಷ್ಟು ದುಬಾರಿಯಾದ ಪಾಲಿಸಿಯನ್ನು ಬಿಟ್ಟೇಬಿಡೋಣವೇ ಎಂಬ ಯೋಚನೆಯೂ ಬಂದಿತ್ತು. ಆರೋಗ್ಯವಂತರು ಕಂತು ಹೆಚ್ಚಾಯಿತೆಂದು ಹೊರಬಿದ್ದಂತೆ, ಒಳಗೆ ಉಳಿಯುವವರಲ್ಲಿ ಕಾಯಿಲೆಯವರೇ ಹೆಚ್ಚಾಗಿ ಕಂತು ಮತ್ತೆ ಏರುತ್ತದೆ. 65 ದಾಟಿದವರಿಗೆ ವಿಮೆ ಸಿಗುವುದು ಏಕೆ ಕಷ್ಟ ಎಂಬುದನ್ನು ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲೇ ಹೀಗೆ ವಿವರಿಸಿದ್ದರು. ಅಪ್ಪನ ವಯಸ್ಸಿನಲ್ಲಿ ಒಮ್ಮೆ ಹೊರಬಿದ್ದರೆ ಮತ್ತೆ ಒಳಹೋಗುವುದು ಸುಲಭವಲ್ಲ. ಬಿಡಲಿಲ್ಲ.

ನಿಜವಾದ ಉಳಿತಾಯ ಸಿಕ್ಕಿದ್ದು ಎಡಗಡೆಯ ಪುಟದಲ್ಲಿ, ಅದೂ ನಾನು ನಿರೀಕ್ಷಿಸದ ಜಾಗದಲ್ಲಿ. ಅಪ್ಪ ಎಂಟು ಬಗೆಯ ಮಾತ್ರೆ ನುಂಗುತ್ತಿದ್ದರು. ಎಂಟನ್ನೂ ಮೇಜಿನ ಮೇಲೆ ಹರಡಿ, ಸ್ಟ್ರಿಪ್ಪಿನ ಹಿಂಬದಿಯನ್ನು ಬೆಳಕಿಗೆ ಓರೆಯಾಗಿ ಹಿಡಿದು, ದಪ್ಪಕ್ಷರದ ಬ್ರ್ಯಾಂಡ್ ಹೆಸರಿನ ಕೆಳಗೆ ಸಣ್ಣಕ್ಷರದಲ್ಲಿದ್ದ ಔಷಧದ ಹೆಸರನ್ನು ಬರೆದುಕೊಂಡೆ; ಅದರ ಮುಂದೆ, ಯಾರು ಬರೆದದ್ದು, ಯಾವಾಗ, ಯಾತಕ್ಕಾಗಿ ಎಂದು ದಾಖಲಿಸಿದೆ. ಆ ಸಣ್ಣಕ್ಷರದ ಹೆಸರು ಜಗತ್ತಿನ ಬಹುಪಾಲು ಕಡೆ ಒಂದೇ. ವಿಶ್ವ ಆರೋಗ್ಯ ಸಂಸ್ಥೆ ಇಂಥ ಹೆಸರುಗಳ ಮೊದಲ ಪಟ್ಟಿಯನ್ನು 1953ರಲ್ಲಿ ಹೊರತಂದಿತು. ಹೆಸರಿನ ಬಾಲವೇ ಔಷಧದ ಕುಲವನ್ನು ಹೇಳುತ್ತದೆ: "ವಾಸ್ಟಾಟಿನ್" ಎಂದು ಮುಗಿದರೆ ಕೊಲೆಸ್ಟರಾಲಿನದು, "ಸಾರ್ಟನ್" ಅಥವಾ "ಪ್ರಿಲ್" ಎಂದು ಮುಗಿದರೆ ರಕ್ತದೊತ್ತಡಕ್ಕೆ ಬಳಸುವಂಥದ್ದು. ಇಷ್ಟು ತಿಳಿದರೆ ಸಾಕು, ವೈದ್ಯರಲ್ಲದವರೂ ತಮ್ಮ ಪಟ್ಟಿಯನ್ನು ಓದಬಲ್ಲರು.

ಪಟ್ಟಿ ಬರೆದು ಮುಗಿಸಿದಾಗ, ರಕ್ತದೊತ್ತಡ ಇಳಿಸುವ "ಆಮ್ಲೋಡಿಪಿನ್" ಎಂಬ ಔಷಧದ ಹೆಸರು ಎರಡು ಕಡೆ ಇತ್ತು. ಟೆಲ್ಮಿಸಾರ್ಟನ್ ಜೊತೆ ಬೆರೆತ ಮಾತ್ರೆಯಲ್ಲಿ 5 ಮಿಲಿಗ್ರಾಂ, ಬೇರೊಂದು ಬ್ರ್ಯಾಂಡಿನಲ್ಲಿ ಪ್ರತ್ಯೇಕವಾಗಿ ಇನ್ನೊಂದು 5 ಮಿಲಿಗ್ರಾಂ. ತಾರೀಕು ನೋಡಿದೆ: ಎರಡನೆಯದನ್ನು ಬರೆದದ್ದು ಹಿಂದಿನ ವರ್ಷದ ಕಂತಿನ ತಿಂಗಳಲ್ಲಿ, ಬೇರೊಬ್ಬ ವೈದ್ಯರು. ಅಪ್ಪ ದಿನ ಬಿಟ್ಟು ದಿನ ಮಾತ್ರೆ ನುಂಗುತ್ತಿದ್ದುದರಿಂದ ಅವತ್ತು ರಕ್ತದೊತ್ತಡ ಏರಿತ್ತು. ಇರುವ ಮಾತ್ರೆ ಸಾಲದು ಎಂದುಕೊಂಡು ಅವರು ಇನ್ನೊಂದನ್ನು ಸೇರಿಸಿದ್ದರು. ಮಾತ್ರೆ ಬಿಡುತ್ತಿದ್ದ ಸಂಗತಿಯನ್ನು ಅಪ್ಪ ಹೇಳಿರಲಿಲ್ಲ. ಕಂತಿನ ತಿಂಗಳು ಕಳೆದು ಎರಡನ್ನೂ ಸರಿಯಾಗಿ ನುಂಗತೊಡಗಿದ ಮೇಲೆ ಪಾದಗಳು ಊದಿಕೊಂಡವು. ಆಮ್ಲೋಡಿಪಿನ್ ಪ್ರಮಾಣ ಹೆಚ್ಚಾದಂತೆ ಪಾದದ ಊತ ಹೆಚ್ಚು ಮಂದಿಯಲ್ಲಿ ಕಾಣಿಸಿಕೊಳ್ಳುತ್ತದೆ, ಅದು ಆ ಔಷಧದ ಸುಪರಿಚಿತ ಅಡ್ಡಪರಿಣಾಮ. ಆ ಊತಕ್ಕೆಂದು ಮತ್ತೊಂದು ಕಡೆ ಮೂತ್ರ ಹೆಚ್ಚಿಸುವ ಫ್ಯೂರೋಸಮೈಡ್ ಬರೆದುಕೊಟ್ಟಿದ್ದರು. ಹಣ ಉಳಿಸಲೆಂದು ಬಿಟ್ಟ ಒಂದು ಮಾತ್ರೆ ಇನ್ನೆರಡು ಮಾತ್ರೆಗಳನ್ನು ಮನೆಗೆ ತಂದಿತ್ತು.

ಪಟ್ಟಿಯನ್ನು ನಮ್ಮ ಹಳೆಯ ವೈದ್ಯರ ಮುಂದಿಟ್ಟೆ. ಅವರು ಪ್ರತ್ಯೇಕವಾಗಿದ್ದ ಆಮ್ಲೋಡಿಪಿನ್ ನಿಲ್ಲಿಸಿ, ಎರಡು ವಾರ ಬೆಳಿಗ್ಗೆ ಸಂಜೆ ಮನೆಯಲ್ಲೇ ರಕ್ತದೊತ್ತಡ ಅಳೆದು ಬರೆದಿಡಲು ಹೇಳಿದರು. ಅಪ್ಪ ಒಂದು ಹೊತ್ತೂ ತಪ್ಪಿಸದೆ ಮಾತ್ರೆ ನುಂಗಿದ ಆ ಎರಡು ವಾರ, ಒತ್ತಡ ಹತೋಟಿಯಲ್ಲೇ ಇತ್ತು. ಊತ ಇಳಿಯಿತು, ಫ್ಯೂರೋಸಮೈಡ್ ಕೂಡ ನಿಂತಿತು. ಆಸ್ಪತ್ರೆಯಿಂದ ಬಿಡುಗಡೆಯಾಗುವಾಗ ಕೆಲವು ವಾರಗಳಿಗೆಂದು ಕೊಟ್ಟಿದ್ದ ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್ ಮೂರು ವರ್ಷದಿಂದ ಹಾಗೆಯೇ ಮುಂದುವರಿದಿತ್ತು. ಅದನ್ನೂ ಹಂತಹಂತವಾಗಿ ಕಡಿಮೆ ಮಾಡಿಸಿ ನಿಲ್ಲಿಸಿದರು. ಎಂಟು ಐದಾಯಿತು. ಇದಾವುದನ್ನೂ ನಾನಾಗಿ ಮಾಡಲಿಲ್ಲ, ಯಾರೂ ತಾವಾಗಿ ಮಾಡಬಾರದು. ಪಟ್ಟಿ ಬರೆಯುವುದು ನಮ್ಮ ಕೆಲಸ, ನಿಲ್ಲಿಸುವುದು ವೈದ್ಯರ ಕೆಲಸ.

ಉಳಿದ ಐದರಲ್ಲಿ ನಾಲ್ಕಕ್ಕೆ ಬ್ರ್ಯಾಂಡಿನ ಬದಲು ಔಷಧದ ಹೆಸರನ್ನೇ ಬರೆದುಕೊಡಿ ಎಂದು ಕೇಳಿದೆ. ಹೊಸ ಔಷಧದ ಪೇಟೆಂಟ್ ಸಾಮಾನ್ಯವಾಗಿ ಅರ್ಜಿ ಹಾಕಿದ ದಿನದಿಂದ 20 ವರ್ಷ. ಅದು ಮುಗಿದ ಮೇಲೆ ಬೇರೆ ಕಂಪನಿಗಳೂ ಅದೇ ಔಷಧವನ್ನು ಜೆನೆರಿಕ್ ರೂಪದಲ್ಲಿ ತಯಾರಿಸಬಹುದು. "ಅಗ್ಗದ್ದು ಕೆಲಸ ಮಾಡುತ್ತದೆಯೇ?" ಎಂದು ಅಪ್ಪನಿಗೆ ಅನುಮಾನ. ಔಷಧ ರಕ್ತಕ್ಕೆ ಸೇರುವ ಪ್ರಮಾಣವನ್ನು ಮೂಲ ಮಾತ್ರೆಯೊಂದಿಗೆ ಹೋಲಿಸಿ ಅಳೆಯುವ ಪರೀಕ್ಷೆಯಿದೆ. ಅದರ ಅಂದಾಜಿನ ಇಡೀ ವ್ಯಾಪ್ತಿ 80ರಿಂದ 125 ಶೇಕಡಾದೊಳಗೆ ಬಂದರೆ ಮಾತ್ರ ಎರಡೂ ಸಮಾನವೆಂದು ಒಪ್ಪುತ್ತಾರೆ. ಇದನ್ನು ವಿವರಿಸಿದ್ದಕ್ಕಿಂತಲೂ, ಮೂರು ತಿಂಗಳ ನಂತರ ಬಂದ ರಕ್ತಪರೀಕ್ಷೆಯ ವರದಿ ಅವರನ್ನು ಹೆಚ್ಚು ಒಪ್ಪಿಸಿತು. ಎಡಪುಟದಲ್ಲಿ ಮಾತ್ರೆಗಳ ಮೊತ್ತ ಅರ್ಧಕ್ಕಿಂತ ಕೆಳಗಿಳಿಯಿತು.

ಆದರೆ ಅಗ್ಗವೆಂಬ ಒಂದೇ ಕಾರಣಕ್ಕೆ ಎಲ್ಲಿಂದಲೋ ಕೊಳ್ಳಬಾರದು. ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಸುಮಾರು ಹತ್ತರಲ್ಲಿ ಒಂದು ಔಷಧ ಕಳಪೆ ಅಥವಾ ನಕಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಅಂದಾಜಿಸಿತ್ತು. ಪರವಾನಗಿ ಇರುವ ಅಂಗಡಿ, ಬಿಲ್ಲು, ಬ್ಯಾಚ್ ಸಂಖ್ಯೆ, ಈ ಮೂರನ್ನು ನಾನು ಬಿಡುವುದಿಲ್ಲ. ಇನ್ನು ಥೈರಾಯ್ಡಿಗೆ ನಾನೇ ನುಂಗುವ ಲೆವೊಥೈರಾಕ್ಸಿನ್ ಮಾತ್ರೆಯ ಕಂಪನಿಯನ್ನು ಬದಲಿಸಿಲ್ಲ. ಅಲ್ಪ ವ್ಯತ್ಯಾಸವೂ ಮೈಗೆ ತಾಗುವ ಇಂಥ ಔಷಧಗಳಲ್ಲಿ ಕಂಪನಿ ಬದಲಿಸಿದರೆ ಆರೇಳು ವಾರಗಳ ನಂತರ ಮತ್ತೆ ರಕ್ತಪರೀಕ್ಷೆ ಮಾಡಿಸಬೇಕಾಗುತ್ತದೆ; ರಕ್ತ ತೆಳುವಾಗಿಸುವ ವಾರ್ಫರಿನ್, ಮೂರ್ಛೆರೋಗದ ಫೆನಿಟಾಯಿನ್ ಕೂಡ ಇದೇ ಗುಂಪಿನವು.

ಇನ್ಸುಲಿನ್ ವಿಷಯದಲ್ಲಿ ದಾರಿ ಇಷ್ಟು ಸಲೀಸಾಗಿರಲಿಲ್ಲ. ಅದನ್ನು ಕಂಡುಹಿಡಿದವರು 1923ರಲ್ಲಿ ತಮ್ಮ ಪೇಟೆಂಟನ್ನು ಟೊರೊಂಟೊ ವಿಶ್ವವಿದ್ಯಾಲಯಕ್ಕೆ ತಲಾ 1 ಡಾಲರಿಗೆ ಬಿಟ್ಟುಕೊಟ್ಟಿದ್ದರು. ನೂರು ವರ್ಷ ಕಳೆದರೂ ನಮ್ಮ ಎಡಪುಟದಲ್ಲಿ ಅತಿ ದೊಡ್ಡ ಸಾಲು ಅದರದೇ ಎಂಬುದು ನನಗೆ ನೋವಿನ ಸಂಗತಿ. ವೈದ್ಯರ ಒಪ್ಪಿಗೆಯಿಂದ ಹೊಸ ಬಗೆಯ ಅನಲಾಗ್ ಇನ್ಸುಲಿನ್ ಬಿಟ್ಟು, ಹಳೆಯ ಬಗೆಯ ಹ್ಯೂಮನ್ ಇನ್ಸುಲಿನ್ನಿಗೆ ಬದಲಿಸಿ ನೋಡಿದೆವು. ಹಗಲಿನದನ್ನು ಊಟಕ್ಕೆ ಅರ್ಧ ಗಂಟೆ ಮೊದಲೇ ಚುಚ್ಚಿಕೊಳ್ಳಬೇಕು. ಅಪ್ಪ ಅದಕ್ಕೆ ಹೊಂದಿಕೊಂಡರು. ರಾತ್ರಿಯದು ಹೊಂದಲಿಲ್ಲ. ಮೊದಲ ತಿಂಗಳಲ್ಲೇ ಎರಡು ಸಲ ನಡುರಾತ್ರಿ ಸಕ್ಕರೆ ಕುಸಿದು, ಬೆವರಿ ಒದ್ದೆಯಾಗಿ ನನ್ನನ್ನು ಎಬ್ಬಿಸಿದರು. ಮರುದಿನವೇ ವೈದ್ಯರನ್ನು ಕಂಡು ರಾತ್ರಿಯ ಡೋಸನ್ನು ಮೊದಲಿನ ದುಬಾರಿ ಇನ್ಸುಲಿನ್ನಿಗೇ ಮರಳಿಸಿದೆವು. ಆ ಒಂದು ಸಾಲನ್ನು ಇಳಿಸಲು ನಾನು ಮತ್ತೆ ಪ್ರಯತ್ನಿಸಿಲ್ಲ. ನಿಂತ ಮೂರು ಮಾತ್ರೆಗಳಿಂದ ಉಳಿದ ಹಣ ಈಗ ಅದಕ್ಕೇ ಹೋಗುತ್ತದೆ.