ಅಗಿದು ನೋಡಿ ಆರಿಸಿದ ಗೋವಿನಜೋಳ

ಮಳೆಗಾಲದಲ್ಲಿ ಪುಣೆ ಬಳಿಯ ಸಿಂಹಗಡ ಕೋಟೆ ಹತ್ತಿದವರಿಗೆ ಕೆಂಡದ ಮೇಲೆ ಸುಟ್ಟ ಬಿಳಿ ತೆನೆಯ ಘಮ ಗೊತ್ತು. ಪುಣೆ ಪೇಟೆಯ ಸ್ವೀಟ್ ಕಾರ್ನ್‌ನಲ್ಲಿ ಆ ಘಮವಿಲ್ಲ, ಬರೀ ಸಕ್ಕರೆ. ಎರಡೂ ಒಂದೇ ತೆನೆಯಲ್ಲಿ ಬೇಕೆಂದು ಖೇಡ್ ಶಿವಾಪುರದ ಹತ್ತಿರದ ನಮ್ಮ ಐದು ಗುಂಟೆಯಲ್ಲಿ ಬಿಳಿ ನಾಟಿ ತೆನೆಗೆ ಸ್ವೀಟ್ ಕಾರ್ನ್‌ನ ಪರಾಗ ಹಾಕಿದೆ.

ಕೂದಲು ಇಣುಕುವ ಮೊದಲೇ ತೆನೆಗೆ ಚೀಲ ಕಟ್ಟಬೇಕು. ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಗಂಡು ಹೂವನ್ನು ಕಾಗದದ ಚೀಲದೊಳಗೆ ಕೊಡವಿ, ಆ ಪುಡಿಯನ್ನು ಕೂದಲ ಮೇಲೆ ಸುರಿದು, ಕೂಡಲೇ ಮತ್ತೆ ಕಟ್ಟಬೇಕು. ಒಂದು ಕೂದಲಿಗೆ ಒಂದು ಕಾಳು. ಪರಾಗ ತಾಗದಿದ್ದರೆ ಆ ಜಾಗ ಬೋಳು.

ಮೊದಲ ಬೆಳೆಯ ಕಾಳೆಲ್ಲ ದುಂಡಗೆ, ಸಪ್ಪೆ. ಸಿಹಿ ಗುಣ ಅಪ್ಪ ಅವ್ವ ಇಬ್ಬರಿಂದಲೂ ಬಂದರೆ ಮಾತ್ರ ಕಾಣುತ್ತದೆ. ಎರಡನೇ ಬೆಳೆಯ ಒಂದು ತೆನೆಯಲ್ಲಿ 388 ಕಾಳು ಎಣಿಸಿದೆ, 94 ಸುಕ್ಕುಗಟ್ಟಿದ್ದವು. ಸಕ್ಕರೆ ಹಿಟ್ಟಾಗದೆ ಉಳಿದ ಕಾಳು ಒಣಗಿದಾಗ ಹೀಗೆ ಮುದುಡುತ್ತದೆ. ಅವನ್ನಷ್ಟೇ ಬಿತ್ತಿದೆ. ಒಳಗೆ ಹಿಟ್ಟು ಕಡಿಮೆಯಾದ್ದರಿಂದ ಮೊಳಕೆಗೆ ಕಸುವಿಲ್ಲ. ಆಳಕ್ಕೆ ಬಿದ್ದವು ಮಣ್ಣಲ್ಲೇ ಕೊಳೆತವು.

ಸಿಹಿ ಬೇಗ ಕೈಗೆ ಬಂತು. ಸಿಪ್ಪೆಯೇ ಸತಾಯಿಸಿದ್ದು. "ಸಿಹಿ ಐತಿ ಖರೆ, ಸಿಪ್ಪಿ ಬಾಯಾಗ ಉಳಿತೈತಿ ನೋಡಪಾ" ಎಂದರು ಅವ್ವ. ಅಲ್ಲಿಂದ ಮೂರು ಬೆಳೆ ಅಗಿಯುವುದೇ ಕೆಲಸ. ಕೂದಲು ಬಂದು 20 ದಿನಕ್ಕೆ ತೆನೆಯ ತುದಿಯನ್ನು ಎರಡು ಬೆರಳಷ್ಟು ಬಿಚ್ಚಿ ನಾಲ್ಕು ಕಾಳು ಕೀಳುತ್ತಿದ್ದೆ. ಕಾಳಿನ ಸಿಪ್ಪೆ ತಾಯಿಗಿಡದ್ದೇ ಭಾಗ, ಒಂದು ತೆನೆಯ ಕಾಳಿಗೆಲ್ಲ ಅದು ಒಂದೇ ಥರ. ಹೀಗಾಗಿ ಇಡೀ ತೆನೆಗೆ ನಾಲ್ಕೇ ಸಾಕು. ಕಾಳಿನ ಹಾಲು ನುಂಗಿದ ಮೇಲೆ ನಾಲಿಗೆಯ ಮೇಲೆ ಏನು ಉಳಿಯಿತು ಎಂಬುದೇ ಪರೀಕ್ಷೆ. ಪಾಸಾದ ತೆನೆಯನ್ನು ಮತ್ತೆ ಮುಚ್ಚಿ ಬೀಜಕ್ಕೆ ಬಿಡುತ್ತಿದ್ದೆ. ಒಂದು ಬೆಳಿಗ್ಗೆಗೆ ಹನ್ನೆರಡು ಗಿಡ ದಾಟಿದರೆ ನಾಲಿಗೆ ಸೋಲುತ್ತದೆ. ಮೊದಲ ಸಲ ಅರವತ್ತರಲ್ಲಿ ಐದು ಗಿಡ ಉಳಿದವು.

ಚೀಲ ಹರಿದ ತೆನೆಗಳಿಗೆ ಪಕ್ಕದ ಹೊಲದ ಮೇವಿನ ಗೋವಿನಜೋಳದ ಪರಾಗ ಹಾರಿಬಂತು. ಸುಕ್ಕುಕಾಳಿನ ನಡುವೆ ದುಂಡು ಕಾಳು ಎದ್ದು ಕಾಣುತ್ತವೆ. ಒಂದೊಂದಾಗಿ ಆಯ್ದು ಎಸೆದೆ. ಪಕ್ಕದ ಹೊಲದ ಜೊತೆಗೇ ಹೂ ಬಿಡದಿರಲೆಂದು ಮರುಸಲ ಮೂರು ವಾರ ತಡವಾಗಿ ಬಿತ್ತಿದೆ.

ಅದದೇ ಗಿಡದ ಪರಾಗ ಅದದಕ್ಕೇ ಹಾಕುತ್ತ ಹೋದದ್ದಕ್ಕೆ ಗಿಡಗಳು ಸೊಂಟದೆತ್ತರಕ್ಕೆ ಕುಗ್ಗಿದವು. ಕೊನೆಗೆ ತೆಳುಸಿಪ್ಪೆಯ ಸಾಲಿನ ಗಂಡು ಹೂಗಳನ್ನೆಲ್ಲ ಕಿತ್ತು, ಘಮವಿದ್ದ ಸಾಲಿನಿಂದ ಪರಾಗ ಕೊಟ್ಟೆ. ಆ ಹೈಬ್ರಿಡ್ ನನ್ನ ತಲೆ ಮೀರಿ ಬೆಳೆಯಿತು. ಹೋದ ಶ್ರಾವಣದಲ್ಲಿ ಸುಟ್ಟುಕೊಟ್ಟಾಗ ಅವ್ವ ಎರಡನೇ ತೆನೆ ಕೇಳಿದರು. ಘಮ ಇನ್ನೂ ಗಡದ ತೆನೆಯಷ್ಟಿಲ್ಲ. ಈ ಜೂನ್‌ನಲ್ಲಿ ಒಂದು ಸಾಲಿಗೆ ಮತ್ತೆ ಬಿಳಿ ನಾಟಿಯ ಪರಾಗ ಕೊಡುತ್ತೇನೆ.