ಮೊದಲ್ನೇ ದಿನಾನೇ ಮಾಡೆಲ್‌ಗೆ ನಲ್ಲಿ ಕೂರಿಸ್ಬೇಡಿ

ರೆವಿಟ್ಟಲ್ಲಿ, ಅಂದ್ರೆ ಕಟ್ಟಡದ 3ಡಿ ಮಾಡೆಲ್ ಮಾಡೋ ಸಾಫ್ಟ್‌ವೇರಲ್ಲಿ, ಹೊಸದಾಗಿ ಕೆಲ್ಸ ಶುರು ಮಾಡಿರೋರಿಗೆ ಒಂದ್ ಮಾತು. ಕುವೆಂಪುನಗರದಲ್ಲಿ 30×40 ಸೈಟಿನ ಮನೆ ಒಂದಕ್ಕೆ ನಾನು ಕಾನ್ಸೆಪ್ಟ್ ಹಂತದಲ್ಲೇ ಕಿಟಕಿ ಗ್ರಿಲ್ಲು, ಬಾತ್‌ರೂಮಿನ ನಲ್ಲಿ, ಸ್ಕರ್ಟಿಂಗ್ ತನಕ ಹಾಕಿ ಕೂತಿದ್ದೆ, ಓನರ್ ಅಮ್ಮ ಬಂದು ನೋಡಿ "ಈಶಾನ್ಯದಲ್ಲಿ ಮೆಟ್ಲು ಬೇಡ ಕಣಪ್ಪ" ಅಂದ್ರು, ಅಷ್ಟೇ, ಎರಡು ವಾರದ ಕೆಲ್ಸ ಮಣ್ಣುಪಾಲು. ಫೈಲ್ ಬೇರೆ ದಸರಾ ಆನೆ ಥರ, ಓಪನ್ ಆಗೋಷ್ಟ್ರಲ್ಲಿ ಒಂದ್ ಕಾಫಿ ಮುಗೀತಿತ್ತು.

ಈಗ ಕಾನ್ಸೆಪ್ಟಲ್ಲಿ ಬರೀ ಡಬ್ಬ ಥರ ಮಾಸ್ ಇಡ್ತೀನಿ, ಸೆಟ್‌ಬ್ಯಾಕು, ಬಿಸಿಲು ಗೊತ್ತಾದ್ರೆ ಸಾಕು, ಅದು ಎಲ್‌ಓಡಿ 100. ಎಲ್‌ಓಡಿ ಅಂದ್ರೆ ಲೆವೆಲ್ ಆಫ್ ಡೆವಲಪ್‌ಮೆಂಟ್, ಮಾಡೆಲ್ಲಲ್ಲಿರೋ ಒಂದೊಂದು ಭಾಗ ಎಷ್ಟು ಪಕ್ಕಾ ಆಗಿದೆ ಅಂತ ಹೇಳೋ ನಂಬರ್. ಅದಾದ್ಮೇಲಿನ ಸ್ಕೀಮ್ಯಾಟಿಕ್ ಹಂತಕ್ಕೆ 200, ಜೆನೆರಿಕ್ ಗೋಡೆ, ಅಂದಾಜು ದಪ್ಪ. ಪ್ಲಾನ್ ಒಪ್ಪಿದ್ಮೇಲೆ 300, ಆಗ 230 ಎಂಎಂ ಗೋಡೆ ಅಂದ್ರೆ ಸರಿಯಾಗಿ 230, ಮಾಡೆಲ್ಲಿಂದಾನೇ ಅಳತೆ ತಗೋಬಹುದು.

ಎಡವೋದು ಎಲ್ಲಿ ಅಂದ್ರೆ 350ರಲ್ಲಿ. ಟಾಯ್ಲೆಟ್ಟಿನ 110 ಎಂಎಂ ಪೈಪು ಬೀಮ್ ಇರೋ ಜಾಗಕ್ಕೇ ಬರುತ್ತಾ, ಪೈಪ್ ತೂರೋಕೆ ಕಾಂಕ್ರೀಟಲ್ಲಿ ಸ್ಲೀವ್ ಎಲ್ಲಿ ಬಿಡ್ಬೇಕು, ಬೇರೆಬೇರೆಯವರ ಕೆಲ್ಸ ಒಂದಕ್ಕೊಂದು ತಾಗೋ ಜಾಗ ಎಲ್ಲಾ ಇಲ್ಲೇ ಕಾಣ್ಬೇಕು, ಇಲ್ಲಾಂದ್ರೆ ಕಾಂಕ್ರೀಟ್ ಹಾಕಿದ್ಮೇಲೆ ಡ್ರಿಲ್ ತರಿಸ್ಬೇಕಾಗುತ್ತೆ. 400 ಅಂದ್ರೆ ನೋಡ್ಕೊಂಡು ತಯಾರಿಸೋಷ್ಟು ಡೀಟೇಲು, ಅದು ಫ್ಯಾಬ್ರಿಕೇಟರ್ ತಲೆನೋವು, ನಾವ್ ಮೈಮೇಲೆ ಹಾಕೋದ್ ಬೇಡ. 500 ಅಂದ್ರೆ ಇನ್ನೂ ಜಾಸ್ತಿ ಡೀಟೇಲ್ ಅಂತ ಸುಮಾರು ಜನ ತಿಳ್ಕೊಂಡಿದಾರೆ, ಅಲ್ಲ, ಕಟ್ಟಿದ್ಮೇಲೆ ಸೈಟಲ್ಲಿ ಅಳೆದು ತಾಳೆ ನೋಡಿರೋದು.

ಹಾಂ, ಪೂರ್ತಿ ಮಾಡೆಲ್‌ಗೆ ಒಂದೇ ನಂಬರ್ ಇರಲ್ಲ, ಮೆಟ್ಲು 300 ಆಗಿರ್ವಾಗ ಸೋಫಾ 200ರಲ್ಲೇ ಇರ್ಲಿ ಬಿಡಿ. ಯಾವ ಹಂತಕ್ಕೆ ಯಾವ್ದು ಎಷ್ಟು ಅಂತ ಎಕ್ಸೆಲ್ಲಲ್ಲಿ ಬರ್ದು ಓನರ್‌ಗೂ ಸ್ಟ್ರಕ್ಚರಲ್ ಎಂಜಿನಿಯರ್‌ಗೂ ಮೊದ್ಲೇ ಕಳಿಸ್ಬಿಡಿ.